ಟೆಂಟಿನೊಳಗಿನ ಕಾಮಕಸ್ತೂರಿ

ಆ ಕಟ್ಟಡದ ನಾಲ್ಕು ಮಹಡಿಯವರೂ ಅವರನ್ನು ಸ್ಟುಡಿಯೋದವರು ಎಂದೇ ಕರೆಯುತ್ತಿದ್ದರು. ಅವರ ಫೋಟೋ ಸ್ಟುಡಿಯೋ ಮುಚ್ಚಿ ಎರಡು ವರ್ಷವಾಗಿದ್ದರೂ ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಮೂವತ್ತೈದು ವರ್ಷ ಜನರ ಮುಖಕ್ಕೆ ಬೆಳಕು ಬಿಟ್ಟ ಮನುಷ್ಯ. ಮೊಂಡು ಮೂಗನ್ನು ಚೂಪು ಮಾಡಿ, ಜೋತ ಗಲ್ಲವನ್ನು ನೆರಳಲ್ಲಿ ಅಡಗಿಸಿ, ಸಿಡುಕು ಮೋರೆಯ ಮದುಮಗನನ್ನೂ ಅರೆಕ್ಷಣ ಸಂಭಾವಿತನಂತೆ ಕಾಣಿಸಿದವರು. ಬೆಳಕಿನ ವಿಷಯದಲ್ಲಿ ಅವರಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಹೇಳಿದರೂ ಕೇಳುವ ಪೈಕಿ ಅವರಲ್ಲ.

ಅವರ ಹೆಂಡತಿಯದು ಮೂಗಿನ ಕಸುಬು. ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷೆಯ ಕೋಣೆ ಆಕೆಯದು. ಸಣ್ಣ ಕಾಗದದ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ, ಮೂಗಿನ ಕೆಳಗೆ ಒಮ್ಮೆ ಆಡಿಸಿ "ಹೂಂ" ಎಂದರೆ ಆ ದಿನದ ಸೋಪು ಹೊರಗೆ ಹೋಗುತ್ತಿತ್ತು. "ಊಹೂಂ" ಎಂದರೆ ಮ್ಯಾನೇಜರೂ ತೆಪ್ಪಗೆ ವಾಪಸ್ ಕಳಿಸಬೇಕಿತ್ತು. ಅಂಥ ಮೂಗು ಚಳಿಗಾಲದ ಮೊದಲ ಜ್ವರದಲ್ಲೇ ಕೈಕೊಟ್ಟಿತು. ಜ್ವರ ಇಳಿಯಿತು, ಕೆಮ್ಮು ಹೋಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಪಕ್ಕದಲ್ಲೇ ಹಾಲು ಉಕ್ಕಿ ಸೀದರೂ ಆಕೆಗೆ ಗೊತ್ತಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪರಿಚಯದ ವಾಸನೆಗಳನ್ನು ಮೂಸುತ್ತಿರಿ, ನಿಧಾನಕ್ಕೆ ಬರಬಹುದು ಎಂದರು ಡಾಕ್ಟರು. ಆ "ಬರಬಹುದು" ಎಂಬ ಒಂದು ಮಾತನ್ನು ನಂಬಿ ಕಾರ್ಖಾನೆಯವರು ಮೂರು ತಿಂಗಳು ಆಕೆಯ ಜಾಗ ಖಾಲಿ ಇಟ್ಟರು.

"ಬಾಟಲಿ ಎಣ್ಣೆ ನಂಬೋ ಹಾಗಿಲ್ಲ ರೀ," ಎಂದರು ಹೆಂಡತಿ. "ಪುದೀನ, ನೀಲಗಿರಿ, ಲವಂಗ ಎಲ್ಲಾ ಮೂಗಿಗೆ ಚುಚ್ಚುತ್ತೆ. ಚುಚ್ಚಿದ್ದನ್ನೇ ವಾಸನೆ ಅಂದ್ಕೊಂಡು ನನಗೆ ನಾನೇ ಮೋಸ ಮಾಡ್ಕೋತೀನಿ. ನಂಗೆ ಕಾಮಕಸ್ತೂರಿ ಬೇಕು. ಗಿಡದಿಂದ ಆಗಷ್ಟೇ ಕಿತ್ತ ಎಲೆ. ಕೆಲಸಕ್ಕೆ ಸೇರಿದಾಗ ನಾನು ಮೊದಲು ಕಲಿತ ಪರಿಮಳ ಅದು. ಅದು ಬಂತು ಅಂದ್ರೆ ಮೂಗು ಬಂತು."

"ಬರದೇ ಹೋದ್ರೆ?"

"ನಾನೇ ರಾಜೀನಾಮೆ ಬರೆದುಕೊಡ್ತೀನಿ. ಏನೂ ಗೊತ್ತಾಗದ ಮೂಗು ಇಟ್ಕೊಂಡು ಹೂಂ ಅನ್ನೋದು ನನ್ನ ಕೈಲಾಗಲ್ಲ."

ಹೊರಗೆ ಕೊರೆಯುವ ಚಳಿ. ಪೇಟೆಯಲ್ಲಿ ಎಲ್ಲಿ ಹುಡುಕಿದರೂ ಕಾಮಕಸ್ತೂರಿ ಇಲ್ಲ. ಬೀಜ ಸಿಕ್ಕಿತು, ಆದರೆ ಅವರ ಮನೆಯ ಕಿಟಕಿಗಳೆಲ್ಲ ಪಕ್ಕದ ಕಟ್ಟಡದ ಗೋಡೆಗೇ ತೆರೆಯುತ್ತಿದ್ದವು. ಬಿಸಿಲು ಎಂಬುದು ಆ ಮನೆಗೆ ದಾರಿ ತಪ್ಪಿಯೂ ಬಂದದ್ದಿಲ್ಲ. ಆಗ ಸ್ಟುಡಿಯೋದವರು ಎದ್ದು ನಿಂತು, "ಬೆಳಕು ತಾನೇ? ಅದನ್ನು ನನಗೆ ಬಿಡು," ಎಂದರು. ಎರಡು ವರ್ಷದಿಂದ ಯಾರೂ ಅವರನ್ನು ಬೆಳಕು ಕೇಳಿರಲಿಲ್ಲ. ಹೆಂಡತಿಯ ಕಷ್ಟದ ನಡುವೆಯೂ ಅವರಿಗೆ ಒಳಗೊಳಗೇ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು.

ದೀಪದ ಅಂಗಡಿಯವನು ಮೊದಲು ಗಿಡ ಬೆಳೆಸುವ ನೇರಳೆ ಬಣ್ಣದ ಎಲ್‌ಇಡಿ ಹಚ್ಚಿ ತೋರಿಸಿದ. ಪೆಟ್ಟಿಗೆಯ ಮೇಲೆ ಸಾವಿರ ವ್ಯಾಟ್ ಎಂದು ಅಂಗೈ ಅಗಲದ ಅಕ್ಷರ. ಸ್ಟುಡಿಯೋದವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪೆಟ್ಟಿಗೆಯ ಬೆನ್ನು ಓದಿದರು. ಅಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ದೀಪ ನಿಜವಾಗಿ ಎಳೆಯುವ ವಿದ್ಯುತ್ತು ಅರವತ್ತು ವ್ಯಾಟ್ ಎಂದಿತ್ತು.

"ಸಾವಿರ ಎಲ್ಲಿ ಹೋಯ್ತಪ್ಪಾ?"

"ಅದು ಹೋಲಿಕೆಗೆ ಹಾಕೋ ಲೆಕ್ಕ ಸಾರ್."

"ಹೋಲಿಕೆ ನಿನ್ನ ಹತ್ರಾನೇ ಇರಲಿ. ಇನ್ನೊಂದು ಮಾತು, ಈ ನೇರಳೆ ಬೆಳಕಲ್ಲಿ ನಿನ್ನ ಮುಖಾನೇ ಹೆಣದ ಥರ ಕಾಣ್ತಿದೆ. ಎಲೆ ಹಳದಿ ಆದ್ರೆ ನಂಗೆ ಹೇಗೆ ಗೊತ್ತಾಗಬೇಕು? ಬಿಳೀದು ಕೊಡು."

ಅಂಗಡಿಯವನು ಗೊಣಗುತ್ತಲೇ ಒಳಗಿನಿಂದ ಚಪ್ಪಟೆ ಹಲಗೆಯಂಥ ದೀಪ ತಂದ. ಬಿಳಿ ಬಲ್ಬುಗಳ ನಡುವೆ ಅಲ್ಲಲ್ಲಿ ಕೆಂಪು ಚುಕ್ಕಿ, ನಿಜವಾದ ನೂರು ವ್ಯಾಟ್. ಇಷ್ಟರ ಮಟ್ಟಿಗೆ ಅವರ ಆಯ್ಕೆಯಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಎಡವಟ್ಟಾದದ್ದು ಮನೆಗೆ ಬಂದ ಮೇಲೆ.

ದೀಪದ ಕೆಳಗೆ ಗಿಡ ಬೆಳೆಸಲೆಂದೇ ಮಾಡಿದ, ಬಟ್ಟೆ ಕಪಾಟಿನಷ್ಟಿದ್ದ ಕಪ್ಪು ಟೆಂಟನ್ನು ಹಾಲಿನ ಮೂಲೆಯಲ್ಲಿ ನಿಲ್ಲಿಸಿದರು. ಒಳಗೆಲ್ಲ ಬೆಳ್ಳಿ ಹಾಳೆ, ಮುಂದೆ ಜಿಪ್ಪು. ದೀಪವನ್ನು ಮೇಲಿನ ಸರಳಿಗೆ ತೂಗುಹಾಕಿ ಹಚ್ಚಿದಾಗ ಅವರ ಕಣ್ಣು ತಾನಾಗಿ ಕಿರಿದಾಯಿತು. ಛೆ, ಎಷ್ಟು ಒರಟು ಬೆಳಕು! ಇಂಥ ಬೆಳಕನ್ನು ಅವರು ಶತ್ರುವಿನ ಮುಖಕ್ಕೂ ನೇರವಾಗಿ ಬಿಟ್ಟವರಲ್ಲ. ಅಟ್ಟದಿಂದ ಸ್ಟುಡಿಯೋ ಟ್ರಂಕು ಇಳಿಸಿದರು. ಮದುಮಗಳ ಮುಖಕ್ಕೆ ಬೆಳಕು ಸೋಸಲು ಬಳಸುತ್ತಿದ್ದ ಬಿಳಿ ಬಟ್ಟೆಯನ್ನು ತೆಗೆದು ದೀಪದ ಕೆಳಗೆ ಎರಡು ಮಡಿಕೆ ಕಟ್ಟಿದರು. ಬೆಳಕನ್ನು ಏರಿಸಿ ಇಳಿಸುವ ಹಳೇ ಡಿಮ್ಮರ್ ಪೆಟ್ಟಿಗೆಯೂ ಅಲ್ಲೇ ಇತ್ತು. ದೀಪದ ವೈರನ್ನು ಅದಕ್ಕೆ ಸಿಕ್ಕಿಸಿ, ಗುಂಡಿಯನ್ನು ಚೂರು ಇಳಿಸಿದರು. ಈಗ ಒಳಗೆ ಹಾಲಿನಂಥ ಬೆಳಕು. ಖಾಲಿ ಕುಂಡಗಳೂ ಫೋಟೋಗೆ ಕುಳಿತಂತೆ ಕಂಡವು.

ಆರನೇ ದಿನಕ್ಕೆ ಮೊಳಕೆ ಒಡೆಯಿತು. ಸ್ಟುಡಿಯೋದವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಒಂದು ಫೋಟೋ ತೆಗೆದರು. ಗಿಡಗಳು ಸರಸರನೆ ಎತ್ತರವಾದವು. ದಂಟು ದಾರದಂತೆ, ಎಲೆ ತೆಳ್ಳಗೆ, ಬಣ್ಣ ತಿಳಿಹಸಿರು. ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. "ಎಷ್ಟು ನಾಜೂಕು ನೋಡು," ಎಂದು ಹೆಂಡತಿಗೆ ತೋರಿಸಿದರು. ಬೇರೆ ಯಾರಾದರೂ ನೋಡಿದ್ದರೆ ಅವಕ್ಕೆ ಹೊಟ್ಟೆಗಿಲ್ಲ ಎಂದು ಹೇಳುತ್ತಿದ್ದರು.

ಏಳು ವಾರ ಕಳೆದು ಎಲೆ ಕೀಳುವಷ್ಟಾದಾಗ ಪರೀಕ್ಷೆ ಶುರುವಾಯಿತು. ಬೆಳಿಗ್ಗೆ ಕಾಫಿಗೆ ಮೊದಲು ಹೆಂಡತಿ ಜಿಪ್ಪು ಎಳೆದು ಒಂದು ಎಲೆ ಉಜ್ಜಿ ಮೂಸುವರು. ಮುಖ ಬಾಡುವುದು. ಬೆರಳನ್ನು ಗಂಡನ ಮೂಗಿಗೆ ಹಿಡಿದು, "ವಾಸನೆ ಇದೆಯಾ?" ಎಂದು ಕೇಳುವರು.

"ಆಹಾ!" ಎನ್ನುವರು ಸ್ಟುಡಿಯೋದವರು.

ಈಗ ಒಂದು ಗುಟ್ಟು ಹೇಳಬೇಕು. ಸ್ಟುಡಿಯೋದವರಿಗೆ ಮೂಗೇ ಇರಲಿಲ್ಲ. ಮುಖದ ಮೇಲೆ ಇತ್ತು, ಲಕ್ಷಣವಾಗಿಯೇ ಇತ್ತು, ಕೆಲಸಕ್ಕೆ ಬಾರದು ಅಷ್ಟೇ. ಹರೆಯದಲ್ಲಿ ಕಿಟಕಿಯಿಲ್ಲದ ಡಾರ್ಕ್ ರೂಮಿನಲ್ಲಿ ಫೋಟೋ ತೊಳೆಯುವ ಔಷಧಿಗಳ ಆವಿ ಕುಡಿದು ಕುಡಿದು ಅದು ಸತ್ತುಹೋಗಿತ್ತು. ಮದುವೆಗೆ ಮುಂಚೆ ಈಕೆ ಮೊದಲ ಸಲ ಒಂದು ಸೋಪು ಮೂಸಲು ಕೊಟ್ಟಾಗ, ಆ ಕಣ್ಣುಗಳ ಆಸೆ ನೋಡಿ "ಆಹಾ" ಎಂದುಬಿಟ್ಟರು. ಅಂದು ಹೇಳಿದ್ದನ್ನು ಮರುದಿನ ಬದಲಿಸುವುದು ಹೇಗೆ? ಹಾಗೇ ಮೂವತ್ತು ವರ್ಷ ಸಂಸಾರ ಸಾಗಿತು. ಗಂಡನಿಗೆ ಪರಿಮಳದ ಬಗ್ಗೆ ಮಾತು ಬರುವುದಿಲ್ಲ ಎಂದಷ್ಟೇ ಹೆಂಡತಿ ತಿಳಿದಿದ್ದರು.

ಈಗಲೂ ಅವರು ಧೈರ್ಯ ತುಂಬಲೆಂದೇ ಹಾಗೆ ಹೇಳುತ್ತಿದ್ದದ್ದು. ಆದರೆ ಒಂದೊಂದು ಆಹಾಕ್ಕೂ ಆಕೆ ಒಂದಿಷ್ಟು ಕುಗ್ಗುತ್ತಿದ್ದರು. ಗಂಡನಿಗೆ ಬರುತ್ತಿದೆ, ತನಗಿಲ್ಲ. ಕಾರ್ಖಾನೆಯವರ ಮೂರು ತಿಂಗಳ ಗಡುವು ಮುಗಿಯಲು ಹದಿನೆಂಟು ದಿನವಿದ್ದಾಗ ಆಕೆ ಮೇಜಿಗೆ ಕುಳಿತು ರಾಜೀನಾಮೆ ಬರೆದು, ತಾರೀಖು ಮಾತ್ರ ಬಿಟ್ಟು, ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟರು.

ಮರುದಿನ ಬೆಳಗಿನ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಗೆರೆಗಳು. ದೀಪ ಮಿಣುಕುತ್ತಿತ್ತು. ಬರಿಗಣ್ಣಿಗೆ ಅಷ್ಟಾಗಿ ತಿಳಿಯದು, ಕ್ಯಾಮೆರಾದ ಕಣ್ಣಿಗೆ ಬಿತ್ತು. ಸಂಜೆಯ ಹೊತ್ತಿಗೆ ಬರಿಗಣ್ಣಿಗೂ ಪಟಪಟ ಕಾಣತೊಡಗಿತು. ಬೆಳಕಿನ ಗಂಡಾಂತರ ಅವರು ತಾವೇ ನಿಭಾಯಿಸುವರು, ವಿದ್ಯುತ್ತಿನದಲ್ಲ. ನಾದಿನಿಗೆ ಫೋನು ಹೋಯಿತು.

ಹೆಂಡತಿಯ ತಂಗಿ ಲಿಫ್ಟ್ ರಿಪೇರಿ ಮಾಡುವವಳು. ಕೆಲಸದ ಬೂಟು ಬಾಗಿಲಲ್ಲಿ ಬಿಟ್ಟು, ಸೊಂಟದಿಂದ ಟೆಸ್ಟರ್ ಕಳಚುತ್ತಲೇ ಒಳಗೆ ಬಂದಳು. ಜಿಪ್ಪು ಎಳೆದವಳು ದೀಪದ ಕೆಳಗಿನ ಬಟ್ಟೆಯನ್ನು ಬೆರಳಲ್ಲಿ ಎತ್ತಿ ನೋಡಿದಳು.

"ಭಾವಾ, ಇದೇನು ಈ ಬಟ್ಟೆ?"

"ಬೆಳಕು ಮೆತ್ತಗಾಗಲಿ ಅಂತ."

"ಗಿಡಕ್ಕೇನು ಮದುವೆ ಫೋಟೋ ತೆಗೀತಿದ್ದೀರಾ? ಮತ್ತೆ ಈ ಡಬ್ಬಿ? ಅಯ್ಯೋ, ಇದು ಹಳೇ ಬಲ್ಬಿನ ಡಿಮ್ಮರು! ಇದಕ್ಕೆ ಎಲ್‌ಇಡಿ ಸಿಕ್ಕಿಸಿದ್ರೆ ಅದು ಮಿಣುಕದೇ ಇನ್ನೇನು ಮಾಡುತ್ತೆ?" ಎನ್ನುತ್ತಾ ವೈರನ್ನು ಕಿತ್ತು ನೇರ ಗೋಡೆಯ ಪ್ಲಗ್ಗಿಗೆ ಹಾಕಿದಳು. ಮಿಣುಕು ನಿಂತಿತು. ಆಮೇಲೆ ಸುಮ್ಮನೆ ಒಂದು ಎಲೆ ಹರಿದು, ಉಜ್ಜಿ, ಮೂಸಿದಳು. ಇನ್ನೊಮ್ಮೆ ಮೂಸಿದಳು. "ಇದು ಯಾವ ಸೊಪ್ಪು ಅಕ್ಕಾ?"

"ಕಾಮಕಸ್ತೂರಿ ಕಣೇ."

"ಯಾವ ಕಾಮಕಸ್ತೂರಿ! ಇದಕ್ಕೆ ವಾಸನೇನೇ ಇಲ್ಲ. ನೀರು ಮೂಸಿದ ಹಾಗಿದೆ."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಸ್ಟುಡಿಯೋದವರು ಗೋಡೆಯ ಗಡಿಯಾರ ನೋಡಿದರು, ಆಮೇಲೆ ತಮ್ಮ ಕಾಲಬೆರಳು ನೋಡಿದರು.

"ಮತ್ತೆ ನೀವು ದಿನಾ ಆಹಾ ಅಂತಿದ್ರಲ್ಲ?"

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಡಾರ್ಕ್ ರೂಮಿನಿಂದ ಹಿಡಿದು ಮೊದಲ ಸೋಪಿನವರೆಗೆ ಎಲ್ಲವನ್ನೂ ಒದರಿಬಿಟ್ಟರು. ನಾದಿನಿ ಟೆಂಟಿನೊಳಗೆ ತಲೆ ಹಾಕಿಕೊಂಡು ನಗು ಅಡಗಿಸಿದಳು. ಅದು ಅಡಗಲಿಲ್ಲ, ಟೆಂಟೇ ಅಲುಗಿತು.

"ಮೂವತ್ತು ವರ್ಷ!" ಎಂದರು ಹೆಂಡತಿ. "ನಾನು ತಂದ ಒಂದೊಂದು ಸೋಪಿಗೂ ಆಹಾ ಅಂದು ಅಂದು ನನ್ನನ್ನ ಅಟ್ಟಕ್ಕೇರಿಸಿದ್ರಲ್ಲ! ಈ ತಿಂಗಳು ನಾನು ಎಷ್ಟು ಅತ್ತಿದ್ದೀನಿ ಗೊತ್ತಾ ನಿಮಗೆ?" ಕೋಪದಲ್ಲಿ ಮೂಗಿನ ಹೊಳ್ಳೆ ಅರಳಿತ್ತು. ಅಷ್ಟರಲ್ಲೇ ಮುಖದ ಮೇಲೆ ಬೇರೇನೋ ಮೂಡಿತು. "ಅಂದ್ರೆ... ವಾಸನೆ ಇಲ್ಲದ್ದು ಎಲೆಗೆ. ನನ್ನ ಮೂಗಿನ ತಪ್ಪು ಅಂತ ಇನ್ನೂ ಗ್ಯಾರಂಟಿ ಇಲ್ಲ!"

"ಇಲ್ಲವೇ ಇಲ್ಲ," ಎಂದರು ಸ್ಟುಡಿಯೋದವರು, ಸಿಕ್ಕಿದ ಹಗ್ಗ ಹಿಡಿದು.

"ನೀವು ಮಾತಾಡಬೇಡಿ."

ಸೋಸಿದ ಬೆಳಕು ಸಾಲದೆ ಎಲೆಗೆ ಪರಿಮಳವೇ ಹತ್ತಿರಲಿಲ್ಲ. ಅಂದೇ ಬಟ್ಟೆ ಟ್ರಂಕಿಗೆ ಮರಳಿತು. ದೀಪ ಕೆಳಗಿಳಿಯಿತು. ತಪ್ಪು ತಿದ್ದುವ ಆತುರದಲ್ಲಿ ಸ್ಟುಡಿಯೋದವರು ಮೊದಲ ದಿನವೇ ಅದನ್ನು ಗೇಣು ದೂರಕ್ಕೆ ತಂದರು. ಮರುದಿನ ತುದಿಯ ಎಲೆಗಳು ಬಿಳಿಚಿ ಅಂಚು ಮುರುಟಿಕೊಂಡವು. ಈ ಸಲ ಅವರು ಅದನ್ನು ನಾಜೂಕು ಎನ್ನಲಿಲ್ಲ. ಬಿಳಿ ಬೆಳಕು ಕೊಂಡದ್ದಕ್ಕೆ ರೋಗ ಕಣ್ಣಿಗೆ ಕಂಡಿತು ಎಂದು ಒಂದಿಷ್ಟು ಸಮಾಧಾನ ಪಟ್ಟುಕೊಂಡು, ದೀಪವನ್ನು ಒಂದೂವರೆ ಮೊಳಕ್ಕೆ ಏರಿಸಿ, ಗಿಡದ ನೆತ್ತಿಯ ಎತ್ತರದಲ್ಲಿ ಅಂಗೈ ಚಾಚಿ ಅರ್ಧ ನಿಮಿಷ ಹಿಡಿದು ನೋಡಿದರು. ಬಿಸಿ ತಾಗಲಿಲ್ಲ. ನಾಲ್ಕು ದಿನಕ್ಕೊಮ್ಮೆ ಎರಡೆರಡು ಬೆರಳು ಇಳಿಸಿದರು. ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು, ಹತ್ತು ಗಂಟೆ ಕತ್ತಲೆ, ಟೈಮರಿಗೆ ಒಪ್ಪಿಸಿ ಕೈ ಕಟ್ಟಿ ಕುಳಿತರು. ಹೆಂಡತಿ ಉದ್ದುದ್ದ ದಂಟಿನ ತುದಿ ಚಿವುಟಿದರು. ಗಿಡಗಳು ಏರುವುದನ್ನು ಬಿಟ್ಟು ಅಗಲವಾದವು. ಹೊಸ ಎಲೆಗಳು ದಪ್ಪಗೆ, ಕಡುಹಸಿರಾಗಿ, ಸಣ್ಣ ದೋಣಿಯ ಹಾಗೆ ಉಬ್ಬಿ ಬಂದವು. ಹೊಸ ಎಲೆ ಬಲಿಯುವವರೆಗೆ ಮೂಸುವುದಿಲ್ಲ ಎಂದು ಆಕೆ ಹಟ ಹಿಡಿದರು. ಸಕ್ಕರೆ ಡಬ್ಬಿಯ ಕೆಳಗಿನ ಕಾಗದ ಅಲ್ಲೇ ಇತ್ತು. ಇಬ್ಬರೂ ಸಕ್ಕರೆ ತೆಗೆದುಕೊಳ್ಳುವಾಗ ಅದನ್ನು ನೋಡದವರಂತೆ ನಟಿಸಿದರು.

ಗಡುವಿಗೆ ಎರಡು ದಿನವಿದ್ದಾಗ, ತಿಂಡಿ ಮುಗಿಸಿ ಹೆಂಡತಿ ಸೆರಗು ಸಿಕ್ಕಿಸಿದರು. "ಕಾರ್ಖಾನೇಲಿ ಮಾಡೋ ಹಾಗೇ ಮಾಡೋಣ. ಮೂರು ಕಾಗದದ ಪಟ್ಟಿ. ಒಂದಕ್ಕೆ ಕಾಮಕಸ್ತೂರಿ ಉಜ್ಜಿ, ಎರಡಕ್ಕೆ ಪಾಲಕ್ ಉಜ್ಜಿ. ಬೆನ್ನಿಗೆ ಗುರುತು ಹಾಕಿ ಕಲಸಿಬಿಡಿ. ನನಗೆ ಕೊಡೋವಾಗ ಯಾವುದು ಯಾವುದು ಅಂತ ನಿಮಗೂ ಗೊತ್ತಿರಬಾರದು."

"ನಂಗೆ ಗೊತ್ತಾಗೋದಾದ್ರೂ ಹೇಗೆ?"

"ಅದಕ್ಕೇ ನಿಮ್ಮನ್ನ ಇಟ್ಕೊಂಡಿರೋದು. ಇಷ್ಟು ವರ್ಷದಲ್ಲಿ ಮೊದಲ ಸಲ ನಿಮ್ಮ ಮೂಗು ಉಪಯೋಗಕ್ಕೆ ಬಂತು."

ಅವರು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಉಜ್ಜಿದರು, ಕಲಸಿದರು. ಹೆಂಡತಿ ಕಣ್ಣು ಮುಚ್ಚಿ ಕುಳಿತಿದ್ದರು. ಮೊದಲ ಪಟ್ಟಿ ಮೂಗಿನ ಕೆಳಗೆ ಹಾದುಹೋಯಿತು. ಮುಖದಲ್ಲಿ ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಮೂರನೆಯದಕ್ಕೆ ಹುಬ್ಬು ಒಂದೇ ಒಂದು ಎಳೆಯಷ್ಟು ಮೇಲೇರಿತು. ಮೂವತ್ತೈದು ವರ್ಷ ಮುಖ ಓದಿದವರ ಕಣ್ಣಿಗೆ ಅದು ತಪ್ಪಲಿಲ್ಲ. ಹೆಂಡತಿ ಆ ಪಟ್ಟಿಯನ್ನು ಬಿಡದೆ ಹಿಡಿದುಕೊಂಡು, "ಇದು," ಎಂದರು.

ಪಟ್ಟಿಯ ಬೆನ್ನು ತಿರುಗಿಸಿ ನೋಡಿದರು. ಕಾಮಕಸ್ತೂರಿಯ ಗುರುತೇ.

"ಮತ್ತೆ ಕಲಸಿ. ಅಂದಾಜಲ್ಲೂ ಬಂದಿರಬಹುದು." ಮತ್ತೆ ಕಲಸಿದರು. ಮತ್ತೆ ಅದೇ. ಐದು ಸಲ ಕಲಸಿದರು, ಐದು ಸಲವೂ ಆಕೆ ಅದನ್ನೇ ಎತ್ತಿದರು.

ಆಮೇಲೆ ಟೆಂಟಿನ ಮುಂದೆ ಹೋಗಿ ಒಂದು ಇಡೀ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಿದರು. ಅಭ್ಯಾಸದಂತೆ ಆ ಕೈ ಗಂಡನ ಮೂಗಿಗೂ ಬಂತು. ಸ್ಟುಡಿಯೋದವರ ನಾಲಿಗೆಯ ತುದಿಗೆ ಆಹಾ ಬಂದೇಬಿಟ್ಟಿತ್ತು. ನುಂಗಿಕೊಂಡರು.

"ನಂಗೇನೂ ಗೊತ್ತಾಗ್ತಿಲ್ಲ ಕಣೇ. ನೀನೇ ಹೇಳು, ಹೇಗಿದೆ?"

ಹೆಂಡತಿ ಅಂಗೈಯನ್ನು ಮತ್ತೆ ತಮ್ಮ ಮೂಗಿಗೆ ತಂದರು. "ಮೊದಲು ಲವಂಗದ ಥರ ಬರುತ್ತೆ. ತುಂಬಾ ಮೆತ್ತಗೆ, ಪಕ್ಕದ ಕೋಣೇಲಿ ಯಾರೋ ಡಬ್ಬಿ ತೆಗೆದ ಹಾಗೆ. ಆಮೇಲೆ ಸೋಂಪು. ಕೊನೇಲಿ ಒಂಚೂರು ಮೆಣಸು." ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು ತುಂಬಿತು. ಸ್ಟುಡಿಯೋದವರು ಕಿವಿಯಲ್ಲೇ ಮೂಸಿದರು. ಇಷ್ಟು ವರ್ಷ ಆಹಾ ಎಂದು ಬಾಯಿ ಮುಚ್ಚಿಸಿ ತಾವು ಕಳೆದುಕೊಂಡ ಸೋಪುಗಳೆಷ್ಟು ಎಂದು ಆಗ ಹೊಳೆಯಿತು.

ಸ್ಟುಡಿಯೋದವರು ಸಕ್ಕರೆ ಡಬ್ಬಿಯ ಕೆಳಗಿನ ಕಾಗದವನ್ನು ಎಳೆದು ನಾಲ್ಕು ಮಡಿಕೆ ಮಾಡಿ ಅಲುಗುತ್ತಿದ್ದ ಕುಂಡದ ಕೆಳಗೆ ಒತ್ತು ಕೊಟ್ಟರು. ಹೆಂಡತಿ ಅವರ ಹೆಗಲಿಗೆ ತಲೆಯಿಟ್ಟವರು ತಟ್ಟನೆ ಹಿಂದೆ ಸರಿದರು.

"ರೀ, ಈ ಶರ್ಟು ಎಷ್ಟು ದಿನದ್ದು?"

"ನಿನ್ನೆ... ಮೊನ್ನೆದು."

"ಬಿಚ್ಚಿ ಮೊದಲು! ಮೂರು ತಿಂಗಳಿಂದ ಹೀಗೇ ಓಡಾಡ್ತಿದ್ರಾ?"

ಸ್ಟುಡಿಯೋದವರು ಗುಂಡಿ ಬಿಚ್ಚುತ್ತಾ ಬಚ್ಚಲಿಗೆ ನಡೆದರು. ಒಳಗಿನಿಂದ ಕೂಗಿದರು: "ಇನ್ನೊಂದು ಸಲ ಬೈಯೇ!"