ಗಾಲಿಮನೆಯ ತಗಡು

ತಗಡಿನ ಮೇಲೆ ಯಾರದೋ ಮುಖ ಸರಿಯಿತು, ತನ್ನದೇ, ಮೂಗು ಅಗಲವಾಗಿ, ಹಣೆ ಕಿರಿದಾಗಿ, ಕುಂಕುಮ ಕೆನ್ನೆಗೆ ಜಾರಿ — ರಾಮಲಕ್ಷ್ಮಮ್ಮ ತಲೆ ವಾಲಿಸಿದಳು, ಮುಖವೂ ವಾಲಿ ಅಂಚಿನಲ್ಲಿ ಮಾಯವಾಯಿತು, ಅಜ್ಜಿಯ ಕಥೆಯ ರಾಕ್ಷಸನ ಕನ್ನಡಿಯೂ ಇಂಥದ್ದೇ ಇದ್ದಿರಬೇಕು, ನೋಡಿದವರನ್ನು ಚೂರುಚೂರೇ ನುಂಗುವಂಥದ್ದು, ಏನಮ್ಮಾ, ಆಗ್ಲಿಂದ ನೋಡ್ತಾನೇ ಇದ್ದೀಯ, ಸೀರೆ ಅಂಗ್ಡಿ ಅಂದ್ಕೊಂಡ್ಯಾ, ಎಂದಳು ಜೈನಾಬ್, ಯಶವಂತಪುರದ ಈ ಗುಜರಿ ಅಂಗಡಿಯ ಒಡತಿ, ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಗೆ ಒತ್ತಿಕೊಂಡು. ಗೋಡೆಗೆ ಎರಡು ಅಲ್ಯೂಮಿನಿಯಂ ತಗಡು ಒರಗಿವೆ, ದಪ್ಪನೆಯದೊಂದು, ತೆಳ್ಳನೆಯದೊಂದು, ಗೇಜಿನ ನಂಬರು ಹೆಚ್ಚಾದಷ್ಟೂ ತಗಡು ತೆಳುವಾಗುತ್ತದಂತೆ, ಈ ಗಂಡಸರ ಲೆಕ್ಕವೇ ತಲೆಕೆಳಗು, ನೀನೇ ಆರಿಸು ಎಂದು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಅವಳ ಗಂಡ ಮುನಿಕೃಷ್ಣಪ್ಪ ಹೇಳಿಬಿಟ್ಟಿದ್ದ, ಈಗ ಪಕ್ಕದಲ್ಲೇ ನಿಂತಿದ್ದಾನೆ, ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಅವನು, ಯಾವುದೋ ಇಂಗ್ಲಿಷ್ ಪತ್ರಿಕೆಯ ಚಿತ್ರ ನೋಡಿ ಬಂದವನು, ನಮ್ಮ ಮಿಲಿಟರಿ ಹರಾಜಿನ ಜೀಪಿನ ಹಿಂದೆ ಕಟ್ಟಿ ಎಳೆಯೋ ಹಂಗೆ ಒಂದು ಗಾಲಿಮನೆ ಮಾಡ್ತೀನಿ, ಇಬ್ಬರೇ ಹೋಗಣ, ಸಮುದ್ರ ತೋರಿಸ್ತೀನಿ — ಇಬ್ಬರೇ, ಆ ಮಾತನ್ನು ಅವಳು ಸೆರಗಿನ ತುದಿಯ ಗಂಟಿನಂತೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಾಳೆ, ಅಲ್ಲಾಳಸಂದ್ರದ ಮನೆಯ ಹಿತ್ತಲಲ್ಲಿ, ಹೊಂಗೆಯ ನೆರಳಲ್ಲಿ, ಗಾಲಿಮನೆಯ ಮರದ ಚೌಕಟ್ಟು ನಿಂತಿದೆ, ಪಕ್ಕೆಲುಬು ಬಿಟ್ಟುಕೊಂಡ ಹಸುವಿನ ಹಾಗೆ, ಇನ್ನು ಮೈಗೆ ತಗಡು ಹೊದಿಸಿದರೆ ಆಯಿತು. ದಪ್ಪನೆಯದನ್ನು ಬೆರಳ ಗೆಣ್ಣಿನಿಂದ ತಟ್ಟಿದಳು, ಟಕ್ ಎಂದು ಬಾಯಿ ಮುಚ್ಚಿಕೊಂಡಿತು, ತೆಳ್ಳನೆಯದು ಗುಂಯ್ ಎಂದು ಎಷ್ಟೋ ಹೊತ್ತು ಬೆರಳಲ್ಲೇ ಉಳಿಯಿತು, ಕುಂಬ್ಳಕಾಯೇನಮ್ಮಾ ಅದು, ತಟ್ಟಿ ನೋಡೋಕೆ, ಜೈನಾಬ್ ನಕ್ಕಳು, ದಪ್ಪಂದೇ ತಗಳಪ್ಪ, ಎಂದಿತು ಬಾಗಿಲ ಕಡೆಯಿಂದ ಇನ್ನೊಂದು ಧ್ವನಿ, ಅತ್ತೆ ಮುನಿಗಂಗಮ್ಮ, ಕೊನೆಗೂ ಜೀಪಿನಿಂದ ಇಳಿದು ಬಂದರು, ಆಲಿಕಲ್ ಬಿದ್ರೂ ತಡೀತದೆ, ಇತ್ಲಲ್ಲಿ ಅಂಗೇ ಒಂದು ಕೋಣೆ ಆಗ್ಲಿ, ಕೊಟ್ಗೆ ಗೋಡೆ ಬಿದ್ದೋಯ್ತಲ್ಲ, ಒರ್ಗಾದೋರು ಎಲ್ಲಿ ಕುಂತ್ಕಬೇಕು. ಆ ಮನೆಯಲ್ಲಿ ಈಗ ಹೊರಗಾಗುವವಳು ಅವಳೊಬ್ಬಳೇ, ತಿಂಗಳಿಗೆ ಮೂರು ದಿನ ದನಗಳ ಜೊತೆ, ಗೋಣಿತಾಟು, ಬೇರೆ ತಟ್ಟೆ, ಬೇರೆ ಲೋಟ, ಹಸುವಿನ ಉಸಿರು ಬೆಚ್ಚಗೆ ಕುತ್ತಿಗೆಗೆ ತಾಗುವಾಗ ಅಜ್ಜಿಯ ಕಥೆಗಳನ್ನು ತನಗೆ ತಾನೇ ಹೇಳಿಕೊಳ್ಳುವುದು, ಏಳು ಸಮುದ್ರ ದಾಟಿ ಹೋದ ರಾಜಕುಮಾರಿ ಮುಟ್ಟಾದಾಗ ಎಲ್ಲಿ ಕೂತಳು ಎಂದು ಅಜ್ಜಿಯನ್ನು ಕೇಳಲೇ ಇಲ್ಲವಲ್ಲ, ದಪ್ಪಂದು ಹೊದಿಸಿದ್ರೆ ಈ ಜೀಪು ಎಳೆಯಲ್ಲವ್ವ, ಹೆಬ್ಬಾಳದ ದಿಬ್ಬಾನೇ ಹತ್ತಲ್ಲ, ಎಂದ ಗಂಡ, ಅವಳ ಪರ ವಹಿಸಿ ಅಲ್ಲ, ಭಾರದ ಲೆಕ್ಕ ಹೇಳಿದ ಅಷ್ಟೆ, ಅವಳಿಗೆ ಅಷ್ಟು ಸಾಕಿತ್ತು, ದಪ್ಪವೆಂದರೆ ಹಿತ್ತಲು, ತೆಳುವೆಂದರೆ ಸಮುದ್ರ, ತೆಳ್ಳಂದು, ಎಂದಳು, ಧ್ವನಿ ಹೊರಡಲಿಲ್ಲವೇನೋ ಎನಿಸಿ ಮತ್ತೆ ಹೇಳಿದಳು, ತೆಳ್ಳಂದೇ ಇರಲಿ, ಹೊಳಪು ಚೆನ್ನಾಗಿದೆ — ಹೊಳಪಂತೆ, ಎಷ್ಟು ಸಲೀಸಾಗಿ ಬಂತು ಸುಳ್ಳು, ಅತ್ತೆ ತೆಳ್ಳನೆಯದರ ಕಡೆಗೇ ನಡೆದು ಬಂದರು, ಗೆದ್ದೆನೇ, ಇಷ್ಟು ಸುಲಭವಾಗಿ.

ಗಂಡ ಜೇಬಿನಿಂದ ಸೀಮೆಸುಣ್ಣ ತೆಗೆದು ತಗಡಿನ ನಡುವೆ ಕಿಟಕಿಗೆಂದು ನಾಲ್ಕು ಗೆರೆ ಎಳೆಯುತ್ತಾನೆ, ಒಂದು ಬದಿಗೆ ಬಾಗಿಲು, ಒಂದು ಬದಿಗೆ ಇದು, ಬಾ, ಇಲ್ಲಿ ನಿಂತ್ಕೊ, ನಿನ್ನ ಎತ್ತರಕ್ಕೆ ಸರಿಹೋಯ್ತಾ, ಸರಿಹೋಗಿತ್ತು, ಬಿಳಿ ಗೆರೆಗಳೊಳಗೆ ಆಗಲೇ ನೀರು, ನೀಲಿಯೋ ಹಸಿರೋ, ಅಲ್ಲಾಳಸಂದ್ರದ ಕೆರೆಯ ಹಾಗೆ, ಆದರೆ ಆಚೆ ದಡವಿಲ್ಲದ ನೀರು, ಆ ಕಿಟ್ಕಿ ಯಾವ್ ಕಡೀಕ್ ಬತ್ತದಪ್ಪ, ಎಂದರು ಅತ್ತೆ ಮೆತ್ತಗೆ, ತುಳಸಿಕಟ್ಟೆ ಕಡೀಕ್ ತಾನೆ, ಒರ್ಗಾದೋಳ ನೋಟ ಬಿದ್ರೆ ಗಿಡ ಉಳೀತದಾ. ಗಾಡಿ ಕಣವ್ವ ಅದು, ತಿರುಗ್ಸಿ ನಿಲ್ಸಿದ್ರಾಯ್ತು. ಆ ಕಡೆ ಬಾವಿ ಇಲ್ವಾ, ಬಾವಿ ನೀರ್ ಕುಡಿಯೋದ್ ಬ್ಯಾಡ್ವಾ. ಊರೂರು ತಿರುಗೋ ಗಾಡಿ ಅಂತ ಎಷ್ಟ್ ಸಲ ಹೇಳೋದು. ತಿರುಗಪ್ಪ, ಬ್ಯಾಡ ಅಂದೋರ್ಯಾರು, ನೀನ್ ತಿರುಗೋದು ವರ್ಸಕ್ಕೊಂದ್ಸಲ, ಇದು ತಿಂಗ್ಳು ತಿಂಗ್ಳೂ ಬತ್ತದೆ. ಗಂಡ ನಕ್ಕ, ನಗುತ್ತಲೇ ಅವಳ ಕಡೆ ತಿರುಗಿದ, ಏನಂತೀಯ, ಬೇಕಾ ಕಿಟಕಿ, ಜೈನಾಬ್ ತಗಡಿನ ಕತ್ತರಿ ಹಿಡಿದು ಕಾಯುತ್ತಿದ್ದಾಳೆ, ಬೇಗ ಹೇಳಮ್ಮ, ಬೇಕು ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಆ ಮೂರು ದಿನಗಳ ಮಾತು ಇಲ್ಲಿ, ಈ ಅಂಗಡಿಯಲ್ಲಿ, ಇವನೆದುರು, ಇವಳೆದುರು, ಕಿವಿ ಬಿಸಿಯಾಗುತ್ತದೆ, ಹೊರಗೆ ಗೂಡ್ಸ್ ರೈಲಿನ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು ಮುಗಿಯಲಿ, ಆಮೇಲೆ ಹೇಳೋಣ, ಸದ್ದು ಮುಗಿಯಿತು, ಸರಿ ಬಿಡು, ಎಂದ ಅವನು, ಅವಳು ಒಪ್ಪಿದಳೆಂದೇ ತಿಳಿದು, ಕಿಟಕಿ ಕತ್ತರಿಸದಿದ್ರೆ ತಗಡೂ ಬಿಗಿಯಾಗಿ ನಿಲ್ಲುತ್ತೆ, ಮತ್ತು ಹೆಬ್ಬೆರಳನ್ನು ಕೆಳಗಿನ ಗೆರೆಯ ಮೇಲಿಟ್ಟು ಒರೆಸಿದ — ಹಗುರವಾದ ತಗಡು, ಜೀಪು ಎಳೆಯುತ್ತದೆ, ಹೋದೀತು, ಸಮುದ್ರದ ಪಕ್ಕ ನಿಂತೀತು, ಒಳಗೆ ಅವಳು ಮಲಗಿರುತ್ತಾಳೆ, ಅಲೆ ಬಡಿಯುವುದು ಕೇಳುತ್ತದೆ, ಎತ್ತ ತಿರುಗಿದರೂ ತಗಡು, ಹೆಬ್ಬೆರಳು ಎಡಗಡೆಯ ಗೆರೆಗೆ ಬಂತು, ಬೇಕು ಅನ್ನು, ಈಗ ಅನ್ನು, ಅಜ್ಜಿ ಹೇಳುವ ಕಥೆಯಾಗಿದ್ದರೆ ಇಷ್ಟೊತ್ತಿಗೆ ಒಂದು ಗಿಳಿಯಾದರೂ ಹಾರಿಬಂದು ಅವಳ ಪರವಾಗಿ ಮಾತಾಡುತ್ತಿತ್ತು, ಹೆಬ್ಬೆರಳು ಮೇಲಿನ ಗೆರೆಯುದ್ದಕ್ಕೂ, ನಿಧಾನ, ಅಚ್ಚುಕಟ್ಟು, ಪುಡಿ ಉಗುರಿನ ಸಂದಿಗೆ ಸೇರುತ್ತಿದೆ, ಒಂದು ಗೆರೆ ಉಳಿದಿದೆ, ಒಂದೇ ಗೆರೆ ಕಿಟಕಿಯಾಗುವುದಿಲ್ಲ, ಆದರೂ ಉಳಿದಿದೆ, ಬೇ — ಹೆಬ್ಬೆರಳು, ಬಲಗಡೆಗೆ, ಹೆಬ್ಬೆರಳು, ಬೆಳ್ಳಗಾದ ಹೆಬ್ಬೆರಳು