ತಣ್ಣಗಾದ ಮರಿಯೆಲ್ಲ ಸತ್ತ ಮರಿಯಲ್ಲ

ಸವಣೂರಿನ ಹೂವಪ್ಪನ ಮೊಲ ಎರಡು ಸಲ ಮರಿ ಹಾಕಿತ್ತು. ಒಂದು ಮರಿಯೂ ಉಳಿದಿರಲಿಲ್ಲ.

ಎಲೆಬಳ್ಳಿ ತೋಟದಲ್ಲಿ ಏಣಿ ಹತ್ತಿ ಎಲೆ ಕೊಯ್ಯುವುದು ಹೂವಪ್ಪನ ಮೂವತ್ತು ವರ್ಷದ ಕೆಲಸ. ಮೊಣಕಾಲು ಸವೆದ ಮೇಲೆ ಏಣಿ ಬಿಟ್ಟ. ಸುಮ್ಮನೆ ಕೂತು ಉಣ್ಣುವ ಮನುಷ್ಯನಲ್ಲ. ಹಿತ್ತಿಲಲ್ಲಿ ತಂತಿ ಜಾಳಿಗೆಯ ಗೂಡು ಮಾಡಿ ಒಂದು ಗಂಡು, ಒಂದು ಹೆಣ್ಣು ಮೊಲ ತಂದು ಬೇರೆ ಬೇರೆ ಸಾಕಿದ.

ಮೊದಲ ಸಲದ ಆರು ಮರಿ ಜಾಳಿಗೆಯ ಮೇಲೆ ಚದುರಿ ಬಿದ್ದು ತಣ್ಣಗಾಗಿದ್ದವು. ಎರಡನೇ ಸಲ ಏಳು. ಆಗ ಹೂವಪ್ಪ ಗಳಿಗೆಗೊಮ್ಮೆ ಇಣುಕಿ ನೋಡಿದ. ತಾಯಿ ಮರಿಗಳ ಹತ್ತಿರ ಸುಳಿಯುವುದೇ ಇಲ್ಲವೆಂದು ಅದನ್ನು ಹಿಡಿದು ಮರಿಗಳ ಮೇಲೆ ಒತ್ತಿ ಕೂರಿಸಿದ. ಅದು ಬೆದರಿ ಮರಿಗಳನ್ನು ತುಳಿಯಿತು, ಎರಡನ್ನು ತಿಂದೂಬಿಟ್ಟಿತು. ಉಳಿದವು ಮರುದಿನ ತಣ್ಣಗೆ ಬಿದ್ದಿದ್ದವು. ಅವನೇ ಕರಿಬೇವಿನ ಬುಡದಲ್ಲಿ ಹುಗಿದು ಬಂದ. ಅವತ್ತು ಅವನಿಗೆ ಊಟ ಸೇರಲಿಲ್ಲ.

"ಹಡದ ಮರೀನ ತಿನ್ನೂದು ತಾಯಿ ಹೆಂಗ ಆಗ್ತೈತ್ರಿ?" ಎಂದಳು ಹೆಂಡತಿ ಉಡಚವ್ವ. "ಇದರ ಹಣೇಬಾರದಾಗ ಮರಿ ಇಲ್ಲ. ತಡಸ ಊರಾಂವ ಒಬ್ಬ ಕೇಳ್ಯಾನ, ಕೊಟ್ಟು ಕೈ ತೊಳಕೊಳ್ರಿ."

"ಇನ್ನೊಂದ ಸಲ ನೋಡೂಣು," ಎಂದ ಹೂವಪ್ಪ.

ಆ ಇನ್ನೊಂದು ಸಲ ಬಂದದ್ದು ಒಂದು ಚಳಿಯ ಮುಂಜಾನೆ. ಎಂಟು ಮರಿ. ಐದು ಮೂಲೆಯಲ್ಲಿ ಒತ್ತಾಗಿದ್ದವು, ಮೂರು ದೂರ ಬಿದ್ದು ನೀಲಿಗಟ್ಟಿದ್ದವು. ಹೂವಪ್ಪ ಗುದ್ದಲಿ ತೆಗೆದುಕೊಂಡ. ಉಡಚವ್ವ ಹಿಂದಿನ ಓಣಿಯ ಚಾಂದಬಿಯ ಮುಂದೆ ಈ ದುಃಖ ತೋಡಿಕೊಂಡಳು. ಚಾಂದಬಿ ಕುರುಕು ತಿಂಡಿ ಖಾರಾ ಮಾಡಿ ಮಾರುವವಳು, ಐದು ವರ್ಷದಿಂದ ಮೊಲವನ್ನೂ ಸಾಕಿದವಳು. ಮಾತು ಕೇಳಿದವಳೇ ಒಲೆಯನ್ನು ಸೊಸೆಗೆ ಒಪ್ಪಿಸಿ ಬಂದಳು.

"ಹೂವಣ್ಣ, ಗುದ್ದಲಿ ಕೆಳಗಿಡ್ರಿ. ಸತ್ತಾವು ಅಂತ ಯಾರು ಹೇಳಿದ್ರು?"

"ಕಲ್ಲಿನಂಗ ಬಿದ್ದಾವಲ್ಲವಾ."

"ಮೈಮ್ಯಾಲ ಒಂದು ಕೂದಲಿಲ್ಲ, ಥಂಡಿಗೆ ಹಂಗ ಆಗ್ತಾವ. ಅಕ್ಕಾ, ಕೈಗೆ ತಡಿಯೋವಷ್ಟು ಬಿಸಿನೀರು ಬಾಟ್ಲ್ಯಾಗ ಹಾಕ್ಕೊಂಡು ಬಾ. ಕುದಿಯೋ ನೀರು ಬ್ಯಾಡ."

ಬಾಟಲಿಗೆ ಹಳೇ ಬಟ್ಟೆ ಸುತ್ತಿ ಅದರ ಮೇಲೆ ಎರಡು ಮರಿ ಮಲಗಿಸಿದಳು. ಮೂರನೆಯದನ್ನು ಉಡಚವ್ವನ ಅಂಗೈಗೆ ಇಟ್ಟು ಸೆರಗು ಮುಚ್ಚಿದಳು. "ಒಲಿ ಹತ್ರ ಒಯ್ಯಬ್ಯಾಡ. ಈಗ ಬಾಯಾಗ ಹಾಲು ಬಿಡಬ್ಯಾಡ. ಸಾವಕಾಶ ಬೆಚ್ಚಗಾಗ್ಲಿ."

ಉಡಚವ್ವ ನಂಬಿಕೆಯಿಲ್ಲದೆಯೇ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಅಂದಳು, "ಒದ್ಯಾಕತ್ತೈತ್ರಿ ಇದು."

ಮರಿ ಕೆಂಪಗಾಗಿತ್ತು. ಬಾಟಲಿಯ ಮೇಲಿನ ಒಂದು ಮರಿಯೂ ಬಾಯಿ ತೆರೆಯಿತು. ಇನ್ನೊಂದನ್ನು ಚಾಂದಬಿ ಬಹಳ ಹೊತ್ತು ಬೆಚ್ಚಗಿಟ್ಟು ನೋಡಿದಳು. "ಇದು ಉಳಿಲಿಲ್ಲ," ಎಂದು ಪಕ್ಕಕ್ಕಿಟ್ಟಳು.

ಹೂವಪ್ಪ ಕರಿಬೇವಿನ ಕಡೆ ನೋಡುತ್ತ ನಿಂತಿದ್ದ. "ಅಂದ್ರ, ಹೋದ ಸಲ ನಾ ಹುಗದವು..." ಎಂದ.

"ನಾನೂ ಹುಗದೇನಿ ಅಣ್ಣಾ," ಎಂದಳು ಚಾಂದಬಿ. "ಮೊದಲ ವರ್ಷ ನನಗ ಹೇಳಾಕ ಯಾರೂ ಇರಲಿಲ್ಲ. ಆಮ್ಯಾಲ ದನದ ದವಾಖಾನಿ ಡಾಕ್ಟರು ತಿಳಿಸಿ ಹೇಳಿದ್ರು."

ಒಂದು ಕಟ್ಟಿಗೆ ಪೆಟ್ಟಿಗೆ ಹುಡುಕಿ ಒಣ ಹುಲ್ಲು ಹಾಸಿದರು. ತಾಯಿ ಎದೆಯಿಂದ ಕಿತ್ತು ಹಾಕಿದ್ದ ಕೂದಲನ್ನು ಚಾಂದಬಿ ಆರಿಸಿ ತಂದು ಹೊದಿಸಿದಳು. ಕೈಗೆ ತಾಯಿಯ ವಾಸನೆ ಹತ್ತಲೆಂದು ಅದರ ಬೆನ್ನು ಸವರಿ, ಆಮೇಲೆ ಏಳೂ ಮರಿಗಳನ್ನು ಒಟ್ಟಿಗೆ ಇಟ್ಟಳು.

"ಅದು ಹಾಲು ಕುಡಸೂದ ಇಲ್ಲಲ್ಲ?" ಎಂದಳು ಉಡಚವ್ವ.

"ದಿನಕ್ಕ ಒಂದೋ ಎರಡೋ ಸಲ, ಅದೂ ನಾಕೈದು ನಿಮಿಷ. ಉಳದ ಹೊತ್ತು ದೂರನ ಇರ್ತೈತಿ. ಮೊಲದ ಗುಣಾನ ಅದು. ಮರಿ ಹೊಟ್ಟಿ ದುಂಡಗಿದ್ರ ಕುಡದಾವ ಅಂತ ತಿಳಕೊ. ಚರ್ಮ ಸುಕ್ಕಾಗಿದ್ರ ನನ್ನ ಕರಿ. ನಮ್ಮ ಮೊಲಾನೂ ಮೊನ್ನೆ ಮರಿ ಹಾಕೈತಿ, ಅದರ ಮರಿ ಜೋಡಿ ಸೇರಸೂಣು."

"ಹಂಗಾರ ತಿಂದದ್ದು ಯಾಕ?"

ಚಾಂದಬಿ ನೀರಿನ ಬಟ್ಟಲು ಎತ್ತಿ ತೋರಿಸಿದಳು. ಒಣಗಿತ್ತು. "ಹಡದ ಬಾಯಿಗೆ ನೀರು ಬೇಕಲ್ಲ ಅಕ್ಕಾ. ಮ್ಯಾಲೆ ಹೂವಣ್ಣ ಹೊತ್ತಿಗೊಮ್ಮೆ ಹಿಡದು ಹೆದರಸ್ಯಾರ. ಕೊಂದದ್ದು ಕೆಟ್ಟತನಕ್ಕಲ್ಲ."

ಹೂವಪ್ಪನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ದೂರ ಇರುವುದು. ಚಾಂದಬಿ ಹೇಳಿದಂತೆ ದಿನಕ್ಕೊಮ್ಮೆ, ತಾಯಿ ಮೇವು ತಿನ್ನುವಾಗ, ಕೈ ತೊಳೆದು ನೋಡಬೇಕು. ಸತ್ತ ಮರಿ ಇದ್ದರೆ ತೆಗೆಯಬೇಕು, ಅಷ್ಟೇ. ಅವನು ಮತ್ತೆ ಹಿತ್ತಿಲ ಕಡೆ ಹೊರಟರೆ ಉಡಚವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಬಾಣಂತಿ ಕ್ವಾಣ್ಯಾಗ ಗಂಡಸರಿಗೇನು ಕೆಲಸ? ಕುಂದರ್ರಿ."

ಮೂರನೇ ದಿನ ಒಂದು ಮರಿ ಸುಕ್ಕಾಗಿತ್ತು. ಅದನ್ನು ಚಾಂದಬಿಯ ಮೊಲಕ್ಕೆ ಒಪ್ಪಿಸಿದರು. ಐದನೇ ದಿನ ಪೆಟ್ಟಿಗೆಯಲ್ಲಿದ್ದ ಒಂದು ಮರಿ ತೀರಿಕೊಂಡಿತು. ಹನ್ನೆರಡನೇ ದಿನ ಹೂವಪ್ಪ ಹುಲ್ಲು ಸರಿಸಿದಾಗ ಐದು ಮರಿ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದವು. ಹೆಂಡತಿಯನ್ನು ಕರೆಯಲೆಂದು ತಿರುಗಿದ. ಅವಳು ಆಗಲೇ ಅವನ ಹಿಂದೆ ಬಂದು ನಿಂತಿದ್ದಳು.

ಮನೆಯಲ್ಲಿ ಮೊಲ ಸಾಕುವ ಅಕ್ಕ ಅಣ್ಣಂದಿರೇ, ಹೆಣ್ಣು ಮೊಲವನ್ನು ಗಂಡಿನ ಹತ್ತಿರ ಬಿಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊಲ ಸುಮಾರು ಮೂವತ್ತೊಂದನೇ ದಿನಕ್ಕೆ ಮರಿ ಹಾಕುತ್ತದೆ. ಇಪ್ಪತ್ತೆಂಟನೇ ದಿನವೇ ಒಣ ಹುಲ್ಲಿನ ಪೆಟ್ಟಿಗೆ ಇಡಿ, ಮರಿ ಹೊರಗೆ ಉರುಳದಂತೆ ಅದರ ಅಂಚು ಗೇಣು ಎತ್ತರವಿರಲಿ. ನೀರಿನ ಬಟ್ಟಲು ಒಣಗಲು ಬಿಡಬೇಡಿ. ಬೆಕ್ಕು, ನಾಯಿ, ಇರುವೆ ಹತ್ತಿರ ಬಾರದಂತೆ ನೋಡಿಕೊಳ್ಳಿ. ಅನುಮಾನ ಬಂದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಮರಿ ತಣ್ಣಗೆ ಬಿದ್ದಿದ್ದರೆ, ಮಣ್ಣಿಗಿಡುವ ಮೊದಲು ಒಮ್ಮೆ ನಿಮ್ಮ ಅಂಗೈಯಲ್ಲಿ ಬೆಚ್ಚಗಿಟ್ಟು ನೋಡಿ.