ನಾಲ್ಕು ಬೆರಳಿನ ಕಣ್ಣು

“ಅತ್ತಿಗೆ, ಇದರ ಕಣ್ಣು ಇನ್ನೂ ಸ್ವಲ್ಪ ಸಣ್ಣದು ಮಾಡಿಕೊಡಿ.”

ಬಲೆ ಹೊತ್ತು ತಂದವರೆಲ್ಲ ಈಗೀಗ ಹೇಳುವುದು ಇದೊಂದೇ ಮಾತು. ಹೊಳೆ ಕಡಲು ಸೇರುವ ಅಳಿವೆಯ ದಡದಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿ ಕುಳಿತು ಬಲೆ ಹೆಣೆಯುವ ಅವಳನ್ನು ಊರೆಲ್ಲ ಬಲೆ ಅತ್ತಿಗೆ ಎಂದೇ ಕರೆಯುತ್ತದೆ.

“ಇನ್ನೆಷ್ಟು ಸಣ್ಣದು ಮಾಡಲಪ್ಪಾ? ಹೋಗಿ, ಸೊಳ್ಳೆಪರದೆಯನ್ನೇ ಹೊಳೆಗೆ ಕಟ್ಟಿಬನ್ನಿ!” ಎಂದು ಗದರಿದಳು. ಆದರೂ ಬಲೆ ಇಟ್ಟುಕೊಂಡಳು. ಬರುವ ಮೀನೇ ಬೆರಳುದ್ದ. ಕಣ್ಣು ದೊಡ್ಡದಿದ್ದರೆ ಕೈಗೇನು ಸಿಗಬೇಕು?

ಅವಳ ಗಂಡ ನಾಲ್ಕು ದಿನದಿಂದ ದೋಣಿ ಇಳಿಸಿರಲಿಲ್ಲ. ಅದನ್ನು ಮಾರಿಬಿಡುವುದೆಂದು ನಿಶ್ಚಯಿಸಿದ್ದ; ಕೊಳ್ಳುವವನು ನಾಳೆ ಸಂಜೆ ಬರುವವನಿದ್ದ. ಹೆಂಡತಿ ಬೇಡವೆಂದಾಗಲೆಲ್ಲ ಅವನದು ಒಂದೇ ಉತ್ತರ: “ಮೀನಿಲ್ಲದ ಹೊಳೆಯಲ್ಲಿ ದೋಣಿ ಇಟ್ಕೊಂಡು ಏನು ಮಾಡ್ಲಿ? ತೊಟ್ಟಿಲು ಕಟ್ಲಾ?”

ಮನೆಮನೆಗೂ ಒಂದು ಕಾಗದ ಬಂದಿತ್ತು. ಮೇಲಿನ ಹಳೆಯ ಅಣೆಕಟ್ಟು ಬಿರುಕು ಬಿಟ್ಟಿದೆ. ಅದನ್ನು ಕಟ್ಟಿಸಿಕೊಂಡ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ದುರಸ್ತಿ ಮಾಡಬೇಕೋ, ಕೆಡವಬೇಕೋ? ನಾಳೆ ಬೆಳಗ್ಗೆ ಶಾಲೆಯ ಸಭೆಯಲ್ಲಿ ಪ್ರತಿ ಮನೆಯೂ ಹೇಳಬೇಕು.

ದುರಸ್ತಿಯ ಗುತ್ತಿಗೆ ಹಿಡಿಯಲು ಕಾದಿದ್ದವನು ಬಾಗಿಲಲ್ಲೇ ನಿಂತು, ಕರಪತ್ರವೊಂದನ್ನು ಕೈಗಿಟ್ಟು ಹೇಳಿಹೋಗಿದ್ದ: “ಕೆಡವಿದರೆ ಮೊದಲು ಕೊಚ್ಚಿಹೋಗೋದು ನಿಮ್ಮನೆ. ಇನ್ನು ದೊಡ್ಡ ಮೀನು ವಾಪಸ್ ಬರುತ್ತೆ ಅಂತಾರಲ್ಲ, ಈ ಹೊಳೆಯಲ್ಲಿ ಅಂಥ ಮೀನು ಯಾವತ್ತೂ ಇರಲೇ ಇಲ್ಲ.”

ಅತ್ತಿಗೆ ಹೆದರಿ, ಕಾಗದದಲ್ಲಿ ‘ದುರಸ್ತಿ’ಯ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದಳು.

ಸಂಜೆ ನಾದಿನಿ ಬಂದಳು. ಹೊಳೆಯ ನೀರು ಹಿಡಿದು ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ಹೆಗಲ ಚೀಲದಲ್ಲಿ ಯಾವಾಗಲೂ ಶೀಶೆಗಳ ಸದ್ದು. ಅದಕ್ಕೇ ಅವಳ ಅಡ್ಡಹೆಸರು ಬಾಟಲಿ.

ಕಾಗದ ನೋಡಿದವಳೇ ಸಿಡುಕಿದಳು. “ಯಾರು ಅತ್ತಿಗೆ ನಿಮ್ಮ ತಲೆ ಕೆಡಿಸಿದ್ದು?”

“ತಲೆ ಸರಿಯಾಗೇ ಇದೆ ಕಣೇ. ಮನೆ ಕೊಚ್ಚಿಹೋದ್ರೆ ನಿನ್ನ ಬಾಟಲಿಯೊಳಗೆ ಸಂಸಾರ ಹೂಡ್ಲಾ?”

“ಕೇಳಿ ಇಲ್ಲಿ. ಕೊಡದ ಮುಕ್ಕಾಲು ಪಾಲು ಮರಳು ತುಂಬಿದ್ರೆ ಅದೆಷ್ಟು ನೀರು ಹಿಡಿಯುತ್ತೆ? ಆ ಅಣೆಕಟ್ಟಿನ ಕಥೆಯೂ ಅಷ್ಟೇ. ಅದು ಪ್ರವಾಹ ತಡೆಯೋದಿಲ್ಲ. ಬಿರುಕು ಬಿಟ್ಟು ತಾನಾಗೇ ಒಡೆದ್ರೆ ಮಾತ್ರ ಅಪಾಯ. ಕೆಡವೋರು ಒಂದೇ ಏಟಿಗೆ ಕೆಡವಲ್ಲ, ನೀರು ಇಳಿಸ್ತಾ ಹಂತಹಂತವಾಗಿ ತೆಗೀತಾರೆ.” ಬಾಟಲಿ ಹಿತ್ತಲ ಕಡೆ ಕೈ ತೋರಿಸಿದಳು. “ನಿಮ್ಮ ಮೆಟ್ಟಿಲು ಎಷ್ಟಿತ್ತು?”

“ಒಂಬತ್ತು.”

“ಈಗ?”

“ಆರು,” ಎಂದಳು ಅತ್ತಿಗೆ. ಮೂರನ್ನು ಕಡಲು ತಿಂದಿತ್ತು.

“ಈ ದಡಕ್ಕೆ ಬರಬೇಕಾದ ಮರಳು, ಮಣ್ಣು ಎಲ್ಲ ಅಲ್ಲಿ ಗೋಡೆಯ ಹಿಂದೆ ಕೂತಿದೆ. ಇಲ್ಲಿ ಕಡಲು ಕೊರೀತಿದೆ, ತುಂಬೋಕೆ ಹೊಳೆ ಹತ್ರ ಏನೂ ಇಲ್ಲ. ಕಡಲಿಂದ ಬರೋ ಮೀನು ಮೊಟ್ಟೆ ಇಡೋಕೆ ಮೇಲೆ ಸಿಹಿನೀರಿಗೆ ಹೋಗಬೇಕು. ಮರಿಗಳು ಇಳಿದು ಬಂದು ಅಳಿವೆಯ ಕೆಸರಲ್ಲಿ, ಹುಲ್ಲಲ್ಲಿ ಬೆಳೀಬೇಕು. ಮೇಲೆ ಹೆರಿಗೆ ಕೋಣೆಗೆ ಬೀಗ ಹಾಕಿದೀವಿ. ಕೆಳಗೆ ತೊಟ್ಟಿಲು ಕಿತ್ತುಹಾಕಿದೀವಿ. ಅಣ್ಣ ದೋಣೀಲಿ ತೊಟ್ಟಿಲು ಕಟ್ತಾನಂತೆ!”

ಗಂಡ ತಲೆ ಕೆರೆದುಕೊಂಡ. “ಕೆಡವಿದ ಮಾರನೇ ದಿನ ಮೀನು ಬಂದುಬಿಡುತ್ತಾ?”

“ಇಲ್ಲ. ಸುಳ್ಳು ಯಾಕೆ ಹೇಳಲಿ? ಮೊದಮೊದಲು ನೀರು ರಾಡಿ. ಬಲೆ ತುಂಬ ಕೆಸರೇ ಬರಬಹುದು. ಒಂದೆರಡು ವರ್ಷ ಹಲ್ಲು ಕಚ್ಚಿಕೊಂಡಿರಬೇಕು. ಆ ಕೆಸರೇ ಅಳಿವೆಯನ್ನ ಮತ್ತೆ ಕಟ್ಟೋದು. ಆದ್ರೆ ಅದರಲ್ಲಿ ಕಾರ್ಖಾನೆಯ ವಿಷ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಬೇಕು.”

“ಸರಿ. ದೊಡ್ಡ ಮೀನು ಇತ್ತು ಅನ್ನೋದಕ್ಕೆ ಸಾಕ್ಷಿ?”

“ಅದೊಂದು ನನ್ನ ಹತ್ರ ಇಲ್ಲ,” ಎಂದಳು ಬಾಟಲಿ. ಕಚೇರಿಯ ದಾಖಲೆಗಳೆಲ್ಲ ಅಣೆಕಟ್ಟಿನ ನಂತರದವು.

ಅಷ್ಟರಲ್ಲಿ ಗಾಳಿಗೆ ಕಿಟಕಿ ದಢಾರನೆ ಬಡಿಯಿತು. ಬೆಣೆ ಜಾರಿ ಬಿದ್ದಿತ್ತು. ಅತ್ತಿಗೆ ಎದ್ದು ಅದನ್ನು ಎತ್ತಿಕೊಂಡಳು. ಅಗಲವಾದ ಮರದ ಪಟ್ಟಿ. ಮದುವೆಯಾಗಿ ಬಂದಾಗಿನಿಂದ ಅದು ಆ ಕಿಟಕಿಯ ಬೆಣೆ. ಸಿಕ್ಕಿಸಲು ಹೋದವಳು ನಿಂತುಬಿಟ್ಟಳು. ಹೆಬ್ಬೆರಳು ಒಂದು ತಗ್ಗಿನಲ್ಲಿ ಹೋಗಿ ಕುಳಿತಿತ್ತು. ಅಂಚಿನುದ್ದಕ್ಕೂ ನೂಲು ಉಜ್ಜಿದ ಗೀರುಗಳು.

ಅಂಥ ತಗ್ಗು, ಅಂಥ ಗೀರು ಅವಳ ಸ್ವಂತ ಪಟ್ಟಿಯಲ್ಲೂ ಇತ್ತು. ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಗೆ ಬರಲೆಂದು ನೂಲು ಸುತ್ತುವ ಪಟ್ಟಿ. ಅವಳದು ಒಂದು ಬೆರಳಗಲ. ಇದು ನಾಲ್ಕು ಬೆರಳು.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದಳು. “ಇದು ಬೆಣೆ ಅಲ್ಲ ಕಣ್ರೀ, ಅಣೆಕಟ್ಟಿಗೂ ಮೊದಲು ನಿಮ್ಮಜ್ಜಿ ಬಲೆ ಹೆಣೀತಿದ್ದ ಪಟ್ಟಿ! ಇಷ್ಟಗಲದ ಪಟ್ಟಿ ಇರುತ್ತೆ ಅಂತ ನನಗೆ ಹೊಳೆಯಲೇ ಇಲ್ಲ.”

ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಈ ಕಣ್ಣಲ್ಲಿ ಈಗಿನ ಮೀನು ಸಂಸಾರ ಸಮೇತ ದಾಟಿಹೋಗುತ್ತೆ!”

“ಮೀನಿಲ್ಲದೆ ಇಂಥ ಬಲೆ ಯಾರು ಹೆಣೀತಾರೆ?” ಅತ್ತಿಗೆ ರಬ್ಬರಿನಿಂದ ಪೆನ್ಸಿಲ್ ಗುರುತನ್ನು ಕಾಗದ ಸವೆಯುವಂತೆ ಉಜ್ಜಿದಳು.

ಮರುದಿನ ಸಭೆಯಲ್ಲಿ ಗುತ್ತಿಗೆಯವನು ಅದೇ ರಾಗ ತೆಗೆದ: “ದೊಡ್ಡ ಮೀನು ಯಾವತ್ತೂ ಇರಲಿಲ್ಲ...”

ಬಲೆ ಅತ್ತಿಗೆ ಎದ್ದು ನಡೆದು, ಪಟ್ಟಿಯನ್ನು ಅವನ ಮುಂದಿನ ಮೇಜಿಗೆ ಟಪ್ಪನೆ ಕುಕ್ಕಿದಳು.

“ಹಾಗಾದ್ರೆ ಇದು ಯಾತಕ್ಕೆ ಸ್ವಾಮಿ? ನಮ್ಮಜ್ಜಿ ಬೆನ್ನು ತುರಿಸಿಕೊಳ್ಳೋಕೆ ಇಟ್ಕೊಂಡಿದ್ರಾ?”

ಸಭೆಯೆಲ್ಲ ಗೊಳ್ಳೆಂದಿತು. ಅವಳು ನಗಲಿಲ್ಲ.

“ನಮ್ಮ ಹೊಳೆಯಲ್ಲಿ ಏನಿತ್ತು ಅಂತ ನೀವು ನಮಗೆ ಹೇಳಬೇಡಿ. ಕೆಸರು ಪರೀಕ್ಷೆ ಮಾಡಿಸಿ. ಮೀನು ಹತ್ತೋ ಕಾಲ ಬಿಟ್ಟು ಕೆಲಸ ಮಾಡಿ. ನಿಧಾನವಾಗಿ ಮಾಡಿ. ಆದ್ರೆ ಆ ಗೋಡೆ ತೆಗೀರಿ. ರಾಡಿ ನೀರು ಬರಲಿ, ನಾವು ಕಾಯ್ತೀವಿ. ಇಷ್ಟು ವರ್ಷ ಬರೀಗೈಲಿ ಕಾದಿಲ್ವಾ?”

ಗಂಡ ಕಾಗದ ಕಸಿದುಕೊಂಡು ‘ಕೆಡವಬೇಕು’ ಎಂಬುದರ ಮುಂದೆ ಸಹಿ ಹಾಕಿದ. ಈ ಸಲ ಪೆನ್ನಿನಲ್ಲಿ. ಅವನ ಹಿಂದೆ ಸಾಲು ಬೆಳೆಯಿತು.

ಸಂಜೆ ದೋಣಿ ಕೊಳ್ಳುವವನು ಬಂದಾಗ ದೋಣಿಯನ್ನು ದಡದಲ್ಲಿ ಮಗುಚಿ ಹಾಕಿ ಗಂಡ ಅದರ ತಳಕ್ಕೆ ಬಣ್ಣ ಬಳಿಯುತ್ತಿದ್ದ. “ಮಾರೋದಿಲ್ಲ, ಹೋಗಿಬನ್ನಿ,” ಎಂದ, ಕತ್ತೆತ್ತದೆ.

ಒಳಗೆ ಕಿಟಕಿಗೆ ಗುತ್ತಿಗೆಯವನ ಕರಪತ್ರವನ್ನೇ ಮಡಚಿ ಸಿಕ್ಕಿಸಲಾಗಿತ್ತು. ಅತ್ತಿಗೆ ಅಜ್ಜಿಯ ಪಟ್ಟಿಗೆ ನೂಲು ಸುತ್ತಿ ಮೊದಲ ಕಣ್ಣು ಹಾಕಿದಳು. ನಾಲ್ಕು ಬೆರಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹೊಳೆಗೂ ಯಾರಿಗೂ ಬೇಡವಾದ ಗೋಡೆಯೊಂದು ಅಡ್ಡ ನಿಂತಿದೆಯೇ? ಎಲ್ಲ ಅಣೆಕಟ್ಟನ್ನೂ ಕೆಡವಿ ಎಂದು ನಾವು ಹೇಳುತ್ತಿಲ್ಲ. ಇದು ಈಗ ಯಾರಿಗೆ ಉಪಯೋಗ, ಗೋಡೆಯ ಹಿಂದೆ ಎಷ್ಟು ಮಣ್ಣು ಕೂತಿದೆ, ಎಷ್ಟು ಬಿರುಕು ಬಿಟ್ಟಿದೆ ಎಂದು ಕೇಳಿ. ಸಭೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂರಬೇಡಿ. “ಇಲ್ಲಿ ಏನೂ ಇರಲಿಲ್ಲ” ಎಂದು ಯಾರಾದರೂ ಅಂದರೆ ತಲೆಯಾಡಿಸಬೇಡಿ. ಮನೆಗೆ ಬಂದು ಅಟ್ಟ, ಮೂಲೆ, ಕಿಟಕಿ ಎಲ್ಲ ತಡಕಿ. ಸಿಕ್ಕಿದ್ದನ್ನು ಮೇಜಿನ ಮೇಲೆ ಕುಕ್ಕಿ.